ತಾರುಣ್ಯ, ಸೋಂಕು, ಪರೀಕ್ಷೆ
(ದತ್ತಿ ಉಪನ್ಯಾಸದ ಪಠ್ಯ)



ತರುಣರ ಹಿತಕ್ಕೆ ಸಂಬಂಧಪಟ್ಟ ಯಾವ ವಿಷಯವನ್ನಾದರೂ ಉಪನ್ಯಾಸಕನು ಆರಿಸಿಕೊಳ್ಳಬಹುದೆಂದು ಈ ದತ್ತಿಯ ನಿಬಂಧನೆಯಲ್ಲಿದೆ. ಅಂಥ ವಿಷಯಗಳಿಗೆ ಕೊರತೆಯಿಲ್ಲ; ಅವುಗಳಲ್ಲಿ ಬಹಳಷ್ಟನ್ನು ಈ ವೇದಿಕೆಯ ಮೇಲಿಂದ ನನಗಿಂತ ಸಮರ್ಥರಾದವರು ಈಗಾಗಲೇ ವಿವರಿಸಿದ್ದಾರೆ. ಆದುದರಿಂದ ನಾನು, ತಂದೆತಾಯಿಗಳೊಡನೆ ತರುಣರು ಆಡಲಾರದ, ತರಗತಿಯಲ್ಲಿ ಅಧ್ಯಾಪಕರು ಪುಟ ತಿರುವಿ ದಾಟಿಬಿಡುವ, ವೈದ್ಯರೂ ಎಷ್ಟೋ ವೇಳೆ ತಗ್ಗಿದ ದನಿಯಲ್ಲಿ ಅರ್ಧ ನುಡಿದು ಚೀಟಿ ಬರೆದುಕೊಟ್ಟು ಮುಗಿಸುವ ಒಂದು ವಿಷಯವನ್ನು ಎತ್ತಿಕೊಂಡಿದ್ದೇನೆ: ಲೈಂಗಿಕ ಸಂಪರ್ಕದಿಂದ ಹರಡುವ ಸೋಂಕುಗಳು, ಅವುಗಳಲ್ಲಿ ವಿಶೇಷವಾಗಿ ಎಚ್‌ಪಿವಿ ಎಂಬ ವೈರಾಣು, ಮತ್ತು ಇವುಗಳನ್ನು ಕಂಡುಹಿಡಿಯಲು ಇರುವ ಪರೀಕ್ಷೆಗಳ ನಿಜವಾದ ಅರ್ಥ.

ಇಂಥ ಮಾತು ಈ ನಾಡಿಗೆ ಹೊಸದೆಂದು ಯಾರೂ ಸಂಕೋಚಪಡಬೇಕಾಗಿಲ್ಲ. ಜನನನಿಯಂತ್ರಣದ ಹೆಸರೆತ್ತಲು ಜಗತ್ತಿನ ದೊಡ್ಡ ದೊಡ್ಡ ಸರ್ಕಾರಗಳು ಹಿಂಜರಿಯುತ್ತಿದ್ದ 1930ರಲ್ಲಿಯೇ ಮೈಸೂರು ಸಂಸ್ಥಾನವು ಅದಕ್ಕೆಂದು ಸರ್ಕಾರಿ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞೆ ಮಾಡಿತು. ಸ್ವತಃ ವೈದ್ಯೆಯಾಗಿದ್ದ ಅನುಪಮಾ ನಿರಂಜನರು ‘ದಾಂಪತ್ಯ ದೀಪಿಕೆ’ಯನ್ನು ಕನ್ನಡದಲ್ಲಿ ಬರೆದರು, ಮದುವೆಯ ಉಡುಗೊರೆಯಾಗಿ ಆ ಪುಸ್ತಕ ಎಷ್ಟೋ ಮನೆಗಳ ಕಪಾಟನ್ನು ಸೇರಿತು. ಬಿಚ್ಚುನುಡಿ ನಮ್ಮಲ್ಲಿ ಇಲ್ಲದಿರಲಿಲ್ಲ; ನಡುವೆ ಎಲ್ಲಿಯೋ ಅದರ ಧಾರೆ ಕ್ಷೀಣಿಸಿತು, ಅಷ್ಟೆ.

ಮೊದಲು ಎಚ್‌ಪಿವಿ ಪತ್ತೆಯಾದ ಕಥೆ. 1842ರಲ್ಲಿ ಇಟಲಿಯ ರಿಗೋನಿ-ಸ್ಟರ್ನ್ ಎಂಬ ವೈದ್ಯನು ವೆರೋನಾ ನಗರದ ಮರಣ ದಾಖಲೆಗಳನ್ನು, 1760ರಿಂದ 1839ರವರೆಗಿನ ಎಂಬತ್ತು ವರ್ಷಗಳ ಲೆಕ್ಕವನ್ನು, ತಾಳ್ಮೆಯಿಂದ ಪರಿಶೀಲಿಸಿ ಒಂದು ವಿಚಿತ್ರವನ್ನು ಕಂಡನು. ಗರ್ಭಕೋಶದ ಅರ್ಬುದವು ವಿವಾಹಿತ ಸ್ತ್ರೀಯರಲ್ಲಿ ಸಾಮಾನ್ಯವಾಗಿಯೂ, ಮಠಗಳಲ್ಲಿ ಬಾಳಿ ಅಳಿದ ಸಂನ್ಯಾಸಿನಿಯರಲ್ಲಿ ಅತ್ಯಂತ ವಿರಳವಾಗಿಯೂ ಇದ್ದಿತು. ಈ ವ್ಯತ್ಯಾಸಕ್ಕೆ ಕಾರಣವನ್ನು ಹೇಳುವ ಸಾಧನ ಅವನ ಕಾಲದಲ್ಲಿ ಇರಲಿಲ್ಲ. ಮುಂದಿನ ಶತಮಾನದ ಎಪ್ಪತ್ತರ ದಶಕದಲ್ಲಿಯೂ ವಿದ್ವಾಂಸರು ಹರ್ಪಿಸ್ ವೈರಾಣುವಿನ ಮೇಲೆ ಸಂಶಯವಿಟ್ಟು ಅದನ್ನೇ ಬೆನ್ನಟ್ಟುತ್ತಿದ್ದರು. ಆಗ ಜರ್ಮನಿಯ ಹೆರಾಲ್ಡ್ ಸುರ್ ಹೌಸೆನ್ ಎಂಬ ವಿಜ್ಞಾನಿ, ಎಲ್ಲರೂ ನೋಡುತ್ತಿದ್ದ ದಿಕ್ಕನ್ನು ಬಿಟ್ಟು, ಚರ್ಮದ ಮೇಲೆ ನರಹುಲಿಯನ್ನು ಎಬ್ಬಿಸುವ ಕ್ಷುದ್ರ ವೈರಾಣುವಿನ ವಂಶದಲ್ಲಿಯೇ ಅಪರಾಧಿ ಇರಬೇಕೆಂದು ವಾದಿಸಿದನು. ಸಹೋದ್ಯೋಗಿಗಳ ಉದಾಸೀನವನ್ನು ಸಹಿಸಿಕೊಂಡು ಹತ್ತು ವರ್ಷಕ್ಕೂ ಹೆಚ್ಚು ಕಾಲ ಹುಡುಕಿ, 1983ರಲ್ಲಿ ಆ ಎಚ್‌ಪಿವಿ ವಂಶದ 16ನೆಯ ಪ್ರಭೇದವನ್ನೂ, ಮರುವರ್ಷ 18ನೆಯ ಪ್ರಭೇದವನ್ನೂ ಗರ್ಭಕಂಠದ ಕ್ಯಾನ್ಸರಿನ ಅಂಗಾಂಶದಿಂದಲೇ ಅವನ ತಂಡ ಬೇರ್ಪಡಿಸಿ ತೋರಿಸಿತು. ಜಗತ್ತಿನಲ್ಲಿ ಕಾಣುವ ಗರ್ಭಕಂಠದ ಕ್ಯಾನ್ಸರಿನಲ್ಲಿ ನೂರಕ್ಕೆ 70ರಷ್ಟು ಈ ಎರಡೇ ಪ್ರಭೇದಗಳ ಕೃತ್ಯವೆಂದು ಈಗ ಬಲ್ಲೆವು. 2008ರಲ್ಲಿ ಅವನಿಗೆ ನೊಬೆಲ್ ಪುರಸ್ಕಾರ ಸಂದಿತು. ಎಚ್‌ಐವಿಯನ್ನು ಗುರುತಿಸಿದ ಫ್ರೆಂಚ್ ವಿಜ್ಞಾನಿಗಳಿಬ್ಬರು ಅದೇ ಪುರಸ್ಕಾರದಲ್ಲಿ ಸಹಭಾಗಿಗಳಾದರು.

ಎಚ್‌ಪಿವಿ ಎಂಬುದು ಒಂದೇ ವೈರಾಣುವಿನ ಹೆಸರಲ್ಲ. ಇನ್ನೂರಕ್ಕೂ ಮಿಕ್ಕ ಪ್ರಭೇದಗಳ ಒಂದು ಕುಲ. ಅವುಗಳಲ್ಲಿ ಬಹುಪಾಲು ಕೈಕಾಲಿನ ಚರ್ಮದ ಮೇಲೆ ನರಹುಲಿ ತರಿಸುವ ನಿರುಪದ್ರವಿಗಳು. ಸುಮಾರು ನಲವತ್ತು ಜನನಾಂಗಗಳ ಭಾಗವನ್ನು ಆಶ್ರಯಿಸುತ್ತವೆ; ಅವುಗಳಲ್ಲಿಯೂ ಹನ್ನೆರಡು ಹದಿನಾಲ್ಕು ಮಾತ್ರ ಅರ್ಬುದಕ್ಕೆ ಕಾರಣವಾಗಬಲ್ಲವು. 6 ಮತ್ತು 11ನೆಯವು ಜನನಾಂಗದ ನರಹುಲಿಗಳನ್ನು ತರುತ್ತವೆ. ನೋಡುವುದಕ್ಕೆ ಭಯ ಹುಟ್ಟಿಸಿದರೂ ಅವು ಕ್ಯಾನ್ಸರಿನ ದಾರಿ ಹಿಡಿಯುವವಲ್ಲ. ಲೈಂಗಿಕ ಜೀವನವನ್ನು ಆರಂಭಿಸಿದ ಸ್ತ್ರೀಪುರುಷರಲ್ಲಿ ಬಹುಪಾಲು ಮಂದಿಗೆ ಜೀವಿತದಲ್ಲಿ ಒಮ್ಮೆಯಾದರೂ ಈ ಕುಲದ ಯಾವುದಾದರೊಂದು ಸೋಂಕು ತಗಲಿಯೇ ತಗಲುತ್ತದೆ. ಒಬ್ಬರೇ ಸಂಗಾತಿಯೊಡನೆ ಬಾಳಿದವರೂ ಇದಕ್ಕೆ ಹೊರತಲ್ಲ. ಚರ್ಮ ಚರ್ಮದ ಸಂಸ್ಪರ್ಶವೇ ಇದಕ್ಕೆ ಸಾಕಾದುದರಿಂದ ಕಾಂಡೋಮಿನ ಬಳಕೆ ಅಪಾಯವನ್ನು ಗಣನೀಯವಾಗಿ ತಗ್ಗಿಸುತ್ತದೆಯೇ ಹೊರತು ಪೂರ್ತಿಯಾಗಿ ನೀಗಿಸುವುದಿಲ್ಲ.

ಇನ್ನು ಈ ವೈರಾಣುವಿನ ನಡವಳಿಕೆ. ಅದು ಸೂಕ್ಷ್ಮವಾದ ತರಚುಗಳ ಮೂಲಕ ಒಳಹೊಕ್ಕು, ಮೇಲ್ಪದರದ ಕಟ್ಟಕಡೆಯ ತಳದಲ್ಲಿರುವ ಎಳೆಯ ಜೀವಕೋಶಗಳನ್ನು ಸೇರಿಕೊಂಡು, ಆ ಕೋಶಗಳು ಬೆಳೆದು ಮೇಲಕ್ಕೆ ಬಂದಂತೆ ತಾನೂ ವೃದ್ಧಿಯಾಗುತ್ತ ಬರುತ್ತದೆ. ರಕ್ತವನ್ನು ಪ್ರವೇಶಿಸುವುದಿಲ್ಲ, ಉರಿಯೂತ ಎಬ್ಬಿಸುವುದಿಲ್ಲ, ಜ್ವರ ತರುವುದಿಲ್ಲ; ಶರೀರದ ಕಾವಲುಪಡೆಗೆ ಅದರ ಸುಳಿವು ಹತ್ತುವುದೇ ನಿಧಾನ. ರಕ್ತ ಪರೀಕ್ಷೆಯಿಂದ ಎಚ್‌ಪಿವಿಯನ್ನು ಪತ್ತೆಮಾಡಲಾಗದಿರುವುದಕ್ಕೂ ಕಾರಣವಿದೇ. ಆದರೆ ನಿಧಾನವಾದರೂ ಶರೀರವು ಗೆಲ್ಲುತ್ತದೆ: ಹತ್ತರಲ್ಲಿ ಒಂಬತ್ತು ಸೋಂಕುಗಳು, ಯಾವ ಔಷಧವೂ ಇಲ್ಲದೆ, ಎರಡು ವರ್ಷದೊಳಗೆ ತಾವಾಗಿ ಅಡಗುತ್ತವೆ. ಉಳಿಯುವ ಆ ಅಲ್ಪಭಾಗದಲ್ಲಿ, ಅದೂ ಅಪಾಯಕಾರಿ ಪ್ರಭೇದವಾಗಿದ್ದು ವರ್ಷಗಟ್ಟಲೆ ಬೀಡುಬಿಟ್ಟಾಗ, ಅದರ ಎರಡು ಪ್ರೋಟೀನುಗಳು ಕೋಶದ ಬೆಳವಣಿಗೆಗೆ ಅಂಕುಶವಿಡುವ ನಮ್ಮ ಪ್ರೋಟೀನುಗಳನ್ನು ನಿಷ್ಕ್ರಿಯಗೊಳಿಸುತ್ತವೆ. ಕೋಶಗಳು ವಿಕಾರಗೊಳ್ಳುತ್ತ, ಸಾಮಾನ್ಯವಾಗಿ ಹದಿನೈದು ಇಪ್ಪತ್ತು ವರ್ಷಗಳ ತರುವಾಯ ಅರ್ಬುದವಾಗುತ್ತವೆ. ಎಚ್‌ಐವಿ ಸೋಂಕಿನಿಂದ ರೋಗನಿರೋಧಕ ಶಕ್ತಿ ಕುಗ್ಗಿದವರಲ್ಲಿ ಈ ಅವಧಿ ಇನ್ನೂ ಕಿರಿದು.

ಈ ಹದಿನೈದು ಇಪ್ಪತ್ತು ವರ್ಷಗಳ ವಿಳಂಬವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಪರೀಕ್ಷೆಯ ವಿಷಯ ತಾನಾಗಿ ಬಿಡಿಸಿಕೊಳ್ಳುತ್ತದೆ. ಯಾವ ಪರೀಕ್ಷೆಯಾದರೂ ತನ್ನನ್ನು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ. ಗ್ರೀಸಿನಿಂದ ಅಮೆರಿಕಕ್ಕೆ ವಲಸೆ ಹೋದ ಜಾರ್ಜ್ ಪ್ಯಾಪನಿಕೊಲಾವು 1928ರಲ್ಲಿ ಮೊದಲು ಸೂಚಿಸಿ, 1940ರ ದಶಕದಲ್ಲಿ ಟ್ರಾಟ್ ಎಂಬ ವೈದ್ಯನೊಡಗೂಡಿ ಸಿದ್ಧಪಡಿಸಿದ ‘ಪ್ಯಾಪ್ ಸ್ಮಿಯರ್’ ಕೇಳುವ ಪ್ರಶ್ನೆ, ಗರ್ಭಕಂಠದ ಕೋಶಗಳು ಈಗಾಗಲೇ ವಿಕಾರಗೊಂಡಿವೆಯೆ ಎಂಬುದು. ಎಚ್‌ಪಿವಿ ಡಿಎನ್‌ಎ ಪರೀಕ್ಷೆ ಕೇಳುವುದು, ವಿಕಾರ ತರಬಲ್ಲ ಪ್ರಭೇದ ಈಗ ಅಲ್ಲಿದೆಯೆ ಎಂಬುದನ್ನು. ದುರ್ಬಲಗೊಳಿಸಿದ ಅಸಿಟಿಕ್ ಆಮ್ಲವನ್ನು ಸವರಿ, ಬೆಳ್ಳಗಾಗುವ ತಾಣಗಳನ್ನು ಬರಿಗಣ್ಣಿನಿಂದ ನೋಡುವ ಮೂರನೆಯ ವಿಧಾನವೊಂದುಂಟು. ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಅದೇ ಹೆಚ್ಚು ರೂಢಿಯಲ್ಲಿದೆ. ಈ ಮೂರರಲ್ಲಿ ಯಾವುದೂ, ಸೋಂಕು ಎಂದು ಬಂತು, ಯಾರಿಂದ ಬಂತು ಎಂಬ ಪ್ರಶ್ನೆಯನ್ನು ಕೇಳುವುದೂ ಇಲ್ಲ, ಉತ್ತರಿಸುವುದೂ ಇಲ್ಲ.

ಆದರೆ ಫಲಿತಾಂಶದ ಕಾಗದವನ್ನು ಹಿಡಿದು ಬರುವ ದಂಪತಿಗಳಲ್ಲಿ ಗಂಡನಾದವನು ಮೊಟ್ಟಮೊದಲು ಕೇಳುವ ಪ್ರಶ್ನೆ ಅದೇ. “ಇದು ಎಲ್ಲಿಂದ ಬಂತು ಡಾಕ್ಟ್ರೇ?” ಎಂದು ಅವನು ಕೇಳುವಾಗ ಪಕ್ಕದಲ್ಲಿ ಕುಳಿತ ಹೆಂಡತಿ ನೆಲ ನೋಡುತ್ತಿರುತ್ತಾಳೆ. ವೈರಾಣು ವರ್ಷಗಟ್ಟಲೆ ಸದ್ದಿಲ್ಲದೆ ಅಡಗಿದ್ದು ಮತ್ತೆ ತಲೆಯೆತ್ತಬಲ್ಲುದು. ಅದು ಆಕೆಯ ಹಳೆಯ ಸೋಂಕಿರಬಹುದು, ಅವನು ಮದುವೆಗೆ ಮೊದಲೇ ಹೊತ್ತುತಂದದ್ದೂ ಇರಬಹುದು. ಪುರುಷರಲ್ಲಿ ಎಚ್‌ಪಿವಿಯನ್ನು ಪತ್ತೆಮಾಡಲು ವೈದ್ಯಶಾಸ್ತ್ರ ಒಪ್ಪಿದ ವಾಡಿಕೆಯ ಪರೀಕ್ಷೆಯೇ ಇಲ್ಲವೆಂಬುದನ್ನು ಹೇಳಿದರೆ ಅಂಥ ಗಂಡಂದಿರ ಮುಖದಲ್ಲಿ ಒಂದು ಬಗೆಯ ನಿರಾಳ ಮೂಡುವುದನ್ನೂ ಕಂಡಿದ್ದೇನೆ. ಪರೀಕ್ಷೆಗೆ ಸಿಕ್ಕುವುದು ಹೆಣ್ಣಿನ ಶರೀರ ಮಾತ್ರವಾದ್ದರಿಂದ ಆರೋಪವೂ ಅವಳ ಮೇಲೆಯೇ ನಿಲ್ಲುತ್ತದೆ. ವಿಜ್ಞಾನದ ಒಂದು ಮಿತಿಯನ್ನು ನಾವು ನ್ಯಾಯದ ತೀರ್ಪಿನಂತೆ ಓದಿಕೊಳ್ಳುತ್ತೇವೆ. ಪ್ರಯೋಗಾಲಯದ ವರದಿ ನಡತೆಯ ಪ್ರಮಾಣಪತ್ರವಲ್ಲ ಎಂಬ ಈ ಒಂದು ಮಾತನ್ನು ನೀವು ಇಲ್ಲಿಂದ ಒಯ್ದರೆ ನನ್ನ ಶ್ರಮ ಸಾರ್ಥಕ.

ಹಾಗಾದರೆ ಇಪ್ಪತ್ತರ ಹುಡುಗಿ ಎಚ್‌ಪಿವಿ ಪರೀಕ್ಷೆ ಮಾಡಿಸಿಕೊಳ್ಳಬೇಕೆ? ಬೇಡವೆಂಬುದೇ ನನ್ನ ಉತ್ತರ. ಆ ವಯಸ್ಸಿನಲ್ಲಿ ಸೋಂಕು ಬರುತ್ತದೆ, ಹೋಗುತ್ತದೆ. ಪರೀಕ್ಷೆ ಅದನ್ನು ನಡುದಾರಿಯಲ್ಲಿ ಹಿಡಿದು ತೋರಿಸಿದರೆ, ತಾನಾಗಿ ವಾಸಿಯಾಗಬೇಕಾಗಿದ್ದ ವಿಷಯವು ಭಯವಾಗಿ, ಅನಂತರ ಬಯಾಪ್ಸಿಯಾಗಿ, ಕೆಲವೊಮ್ಮೆ ಅನವಶ್ಯಕವಾದ ಶಸ್ತ್ರಚಿಕಿತ್ಸೆಯಾಗಿ ಬೆಳೆಯುತ್ತದೆ. ಗರ್ಭಕಂಠದ ಭಾಗವನ್ನು ಕೊಯ್ದು ತೆಗೆದವರಲ್ಲಿ ಮುಂದೆ ಅಕಾಲ ಪ್ರಸವದ ಸಂಭವ ಹೆಚ್ಚು. ಆದುದರಿಂದ ವಿಶ್ವ ಆರೋಗ್ಯ ಸಂಸ್ಥೆ ಸಾಮಾನ್ಯ ಸ್ತ್ರೀಯರಿಗೆ 30ನೆಯ ವಯಸ್ಸಿನಿಂದ, ಐದರಿಂದ ಹತ್ತು ವರ್ಷಗಳಿಗೊಮ್ಮೆ ಎಚ್‌ಪಿವಿ ಪರೀಕ್ಷೆಯನ್ನು ವಿಧಿಸಿದೆ. ಎಚ್‌ಐವಿ ಇರುವವರಿಗೆ 25ರಿಂದ, ಮೂರರಿಂದ ಐದು ವರ್ಷಗಳಿಗೊಮ್ಮೆ. ಕೆಲವು ದೇಶಗಳು ಎಲ್ಲರಿಗೂ 25ರಿಂದಲೇ ಆರಂಭಿಸುತ್ತವೆ. ಮೂವತ್ತರ ಮೇಲೂ ವೈರಾಣು ಅಲ್ಲಿಯೇ ಇದ್ದರೆ ಅದು ಬೀಡುಬಿಟ್ಟದ್ದಾಗಿರುವ ಸಂಭವ ಹೆಚ್ಚು; ಅಲ್ಲಿ ಪರೀಕ್ಷೆಗೆ ಬೆಲೆಯುಂಟು.

ಆ ಬೆಲೆ ಎಷ್ಟೆಂಬುದನ್ನು ತೋರಿಸಿದ ಪ್ರಯೋಗವು ದೂರದ ದೇಶದಲ್ಲಿ ನಡೆದುದಲ್ಲ. ಬೀದರ್ ಕಲಬುರಗಿಗಳ ಗಡಿಯಾಚೆ, ಈಗ ಧಾರಾಶಿವವೆಂದು ಕರೆಯುವ ಉಸ್ಮಾನಾಬಾದ್ ಜಿಲ್ಲೆಯ ಹಳ್ಳಿಗಳಲ್ಲಿ, 30ರಿಂದ 59 ವರ್ಷ ವಯಸ್ಸಿನ 1,31,746 ಆರೋಗ್ಯವಂತ ಸ್ತ್ರೀಯರನ್ನು ಗುಂಪುಗಳಾಗಿ ವಿಂಗಡಿಸಿ, ರಂಗಸ್ವಾಮಿ ಶಂಕರನಾರಾಯಣನ್ ಅವರ ತಂಡವು ಎಂಟು ವರ್ಷ ಅನುಸರಿಸಿ ನೋಡಿತು. ಜೀವಿತದಲ್ಲಿ ಒಮ್ಮೆ ಮಾತ್ರ ಎಚ್‌ಪಿವಿ ಪರೀಕ್ಷೆಗೆ ಒಳಗಾದ ಗುಂಪಿನಲ್ಲಿ, ಯಾವ ತಪಾಸಣೆಯೂ ಇಲ್ಲದ ಗುಂಪಿಗೆ ಹೋಲಿಸಿದರೆ, ಗರ್ಭಕಂಠದ ಕ್ಯಾನ್ಸರಿನ ಮರಣಗಳು ಸುಮಾರು ಅರ್ಧಕ್ಕೆ ಇಳಿದವು. ಈ ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಮುಂಬಯಿಯ ಕೊಳಚೆ ಪ್ರದೇಶಗಳಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯವರು, ಹೈಸ್ಕೂಲು ಮಟ್ಟದ ವಿದ್ಯಾಭ್ಯಾಸವಿದ್ದ ಆರೋಗ್ಯ ಕಾರ್ಯಕರ್ತೆಯರಿಗೆ ತರಬೇತಿಯಿತ್ತು, ಮೇಲೆ ಹೇಳಿದ ಅಸಿಟಿಕ್ ಆಮ್ಲದ ಸರಳ ವಿಧಾನದಿಂದಲೇ ಮರಣ ಪ್ರಮಾಣವನ್ನು ನೂರಕ್ಕೆ 31ರಷ್ಟು ತಗ್ಗಿಸಿದರು. ಇಷ್ಟಾದರೂ 2022ರ ಅಂದಾಜಿನಂತೆ ಭಾರತದಲ್ಲಿ ವರ್ಷಕ್ಕೆ 1,27,000ಕ್ಕೂ ಹೆಚ್ಚು ಸ್ತ್ರೀಯರಿಗೆ ಈ ರೋಗ ಹೊಸದಾಗಿ ಬರುತ್ತಿದೆ. ಸುಮಾರು 80,000 ಮಂದಿ ಸಾಯುತ್ತಿದ್ದಾರೆ. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆಯು ನಾಲ್ಕು ದಶಕಗಳಿಂದ ಇಟ್ಟುಬಂದ ನಗರದ ಕ್ಯಾನ್ಸರ್ ದಾಖಲೆಗಳಲ್ಲಿ ಈ ರೋಗದ ಪ್ರಮಾಣ ಕ್ರಮೇಣ ಇಳಿದು ಸ್ತನ ಕ್ಯಾನ್ಸರ್ ಮುಂದೆ ಬಂದಿರುವುದು ಕಾಣುತ್ತದೆ. ರೋಗವು ಜಗ್ಗುತ್ತದೆ ಎಂಬುದಕ್ಕೆ ಇದೊಂದು ನಿದರ್ಶನ.

ತರುಣರ ಪಾಲಿಗೆ ಬಂದಿರುವುದು ಪರೀಕ್ಷೆಗಿಂತ ಶ್ರೇಷ್ಠವಾದ ಇನ್ನೊಂದು ವಸ್ತು, ಲಸಿಕೆ. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನಲ್ಲಿ ಇಯಾನ್ ಫ್ರೇಜರ್ ಮತ್ತು ಚೀನಾದಿಂದ ಬಂದ ಜಿಯಾನ್ ಜೌ, ವೈರಾಣುವಿನ ಹೊರಕವಚವನ್ನು ಮಾತ್ರ, ಒಳಗಿನ ವಂಶವಸ್ತುವಿಲ್ಲದೆ, ಕೃತಕವಾಗಿ ಕಟ್ಟಬಹುದೆಂದು 1991ರಲ್ಲಿ ತೋರಿಸಿದರು. ಆ ಟೊಳ್ಳುಕವಚವೇ ಲಸಿಕೆಯ ತಿರುಳು. ಒಳಗೆ ಏನೂ ಇಲ್ಲದ್ದರಿಂದ ಅದು ಸೋಂಕು ಉಂಟುಮಾಡಲಾರದು. 2006ರಲ್ಲಿ ಮೊದಲ ಲಸಿಕೆ ಬಳಕೆಗೆ ಬಂದಿತು. ಪುಣೆಯ ಸೀರಮ್ ಸಂಸ್ಥೆ ತಯಾರಿಸಿದ ‘ಸರ್ವಾವ್ಯಾಕ್’ಗೆ ನಮ್ಮ ದೇಶದಲ್ಲಿ 2022ರಲ್ಲಿ ಅನುಮತಿ ದೊರೆಯಿತು. ಇರುವ ಸೋಂಕನ್ನು ಲಸಿಕೆ ಕಳೆಯದು. ಬರುವುದನ್ನು ಮಾತ್ರ ತಡೆಯುತ್ತದೆ. ಆದಕಾರಣವೇ ಅದಕ್ಕೆ ಅತ್ಯುತ್ತಮ ಕಾಲ 9ರಿಂದ 14 ವರ್ಷ. ಆದರೆ 26ರವರೆಗೂ, ಹುಡುಗಿಯರಿಗೆ ಹೇಗೋ ಹುಡುಗರಿಗೂ ಹಾಗೆಯೇ, ಅದರಿಂದ ಪ್ರಯೋಜನವುಂಟು. ಗಂಟಲಿನ ಮತ್ತು ಗುದದ್ವಾರದ ಕೆಲವು ಕ್ಯಾನ್ಸರುಗಳಿಗೂ ಈ ವೈರಾಣುವೇ ಮೂಲವಾದುದರಿಂದ ಇದನ್ನು ಹೆಣ್ಣುಮಕ್ಕಳ ಚುಚ್ಚುಮದ್ದೆಂದು ಹುಡುಗರು ದೂರವಿಡಬೇಕಾಗಿಲ್ಲ. ಸ್ಕಾಟ್ಲೆಂಡಿನಲ್ಲಿ 12-13ನೆಯ ವಯಸ್ಸಿನಲ್ಲಿ ಲಸಿಕೆ ಪಡೆದ ಹೆಣ್ಣುಮಕ್ಕಳ ತಂಡದಲ್ಲಿ ಗರ್ಭಕಂಠದ ಆಕ್ರಮಣಕಾರಿ ಕ್ಯಾನ್ಸರಿನ ಒಂದೇ ಒಂದು ಪ್ರಕರಣವೂ ಕಂಡುಬರಲಿಲ್ಲವೆಂದು 2024ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. ವೈದ್ಯವೃತ್ತಿಯಲ್ಲಿ ‘ಒಂದೂ ಇಲ್ಲ’ ಎಂಬ ವಾಕ್ಯವನ್ನು ಓದುವ ಭಾಗ್ಯ ಅಪರೂಪ.

ಈ ಲಸಿಕೆಯ ಬಗ್ಗೆ ನಮ್ಮಲ್ಲಿರುವ ಶಂಕೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ; ಅದಕ್ಕೊಂದು ಇತಿಹಾಸವಿದೆ. 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರ ಜಿಲ್ಲೆಗಳಲ್ಲಿ ಪ್ರಾಯೋಗಿಕವಾಗಿ ಲಸಿಕೆ ಹಾಕಿದಾಗ ಕೆಲವು ಬಾಲಕಿಯರ ಸಾವು ವರದಿಯಾಗಿ, 2010ರಲ್ಲಿ ಯೋಜನೆಯನ್ನು ನಿಲ್ಲಿಸಲಾಯಿತು. ಆ ಸಾವುಗಳಿಗೆ ಲಸಿಕೆ ಕಾರಣವೆಂದು ವಿಚಾರಣೆಯಲ್ಲಿ ಸಿದ್ಧವಾಗಲಿಲ್ಲ; ಆದರೆ ತಂದೆತಾಯಿಗಳ ಬದಲು ವಿದ್ಯಾರ್ಥಿನಿಲಯಗಳ ವಾರ್ಡನ್ನರು ಸಮ್ಮತಿಪತ್ರಗಳಿಗೆ ಸಹಿ ಹಾಕಿದ್ದುದು ಬಯಲಾಗಿ, ಸಂಸತ್ತಿನ ಸ್ಥಾಯೀ ಸಮಿತಿ 2013ರಲ್ಲಿ ಅದನ್ನು ಕಠಿಣವಾಗಿ ಖಂಡಿಸಿತು. ಲಸಿಕೆ ನಿರ್ದೋಷಿಯಾದರೂ ಅದನ್ನು ಕೊಟ್ಟ ರೀತಿ ಸದೋಷವಾಗಿತ್ತು; ಅದರ ದಂಡವನ್ನು ತೆತ್ತವರು ಆಮೇಲಿನ ಒಂದು ದಶಕ ಲಸಿಕೆಯಿಲ್ಲದೆ ಬೆಳೆದ ಹುಡುಗಿಯರು. ಬಡವರ ಮಕ್ಕಳಿಗೆ ವಿವರಣೆ ಬೇಕಿಲ್ಲವೆಂದು ಭಾವಿಸುವ ಆಡಳಿತಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಕಾಗಿಲ್ಲ.

ಇನ್ನು ಉಳಿದ ಸೋಂಕುಗಳು. ಇಲ್ಲಿ ತರ್ಕ ತಿರುಗಿ ನಿಲ್ಲುತ್ತದೆ: ಎಚ್‌ಪಿವಿ ವಿಷಯದಲ್ಲಿ ತರುಣರು ಪರೀಕ್ಷೆಗೆ ಅವಸರಪಡಬಾರದು, ಸಿಫಿಲಿಸ್, ಗೊನೋರಿಯ, ಕ್ಲಮೀಡಿಯ, ಎಚ್‌ಐವಿ, ಹೆಪಟೈಟಿಸ್-ಬಿ ವಿಷಯದಲ್ಲಿ ತಡಮಾಡಬಾರದು. ಕ್ಲಮೀಡಿಯ, ಗೊನೋರಿಯ, ಸಿಫಿಲಿಸ್, ಟ್ರೈಕೊಮೊನಾಸ್ ಈ ನಾಲ್ಕರಿಂದಲೇ 2020ರಲ್ಲಿ ಜಗತ್ತಿನಲ್ಲಿ 37.4 ಕೋಟಿ ಹೊಸ ಸೋಂಕುಗಳಾದವೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ನಾಲ್ಕೂ ಔಷಧಕ್ಕೆ ಮಣಿಯತಕ್ಕವು. ಆದರೂ ಅನೇಕರಲ್ಲಿ ಲಕ್ಷಣವನ್ನೇ ತೋರದೆ ಉಳಿದು, ಸ್ತ್ರೀಯರಲ್ಲಿ ಗರ್ಭನಾಳಗಳನ್ನು ಕೆಡಿಸಿ ಬಂಜೆತನವನ್ನೂ, ಸಿಫಿಲಿಸ್ ಆದರೆ ಗರ್ಭಸ್ಥ ಶಿಶುವಿಗೆ ಮೃತ್ಯುವನ್ನೂ ತರುತ್ತವೆ.

ಸರ್ಕಾರಿ ಆಸ್ಪತ್ರೆಗಳ ‘ಸುರಕ್ಷಾ ಕ್ಲಿನಿಕ್’ಗಳಲ್ಲಿ ರೋಗಿಯ ಲಕ್ಷಣವನ್ನು ನೋಡಿ ಔಷಧ ಕೊಡುವ ಪದ್ಧತಿಯಿದೆ, ಬೂದು, ಹಸಿರು, ಬಿಳಿ ಎಂದು ಏಳು ಬಣ್ಣದ ಪೊಟ್ಟಣಗಳು, ಒಂದೊಂದು ಲಕ್ಷಣಕ್ಕೆ ಒಂದೊಂದು. ಪ್ರಯೋಗಾಲಯವಿಲ್ಲದ ಊರಿನಲ್ಲಿಯೂ ಅಂದಂದೇ ಚಿಕಿತ್ಸೆ ದೊರೆಯಲೆಂದು ಮಾಡಿದ ಬುದ್ಧಿವಂತಿಕೆಯ ಏರ್ಪಾಡು ಅದು. ಆದರೆ ಲಕ್ಷಣವೇ ಇಲ್ಲದವನಿಗೆ ಯಾವ ಬಣ್ಣದ ಪೊಟ್ಟಣ? ಈ ಏರ್ಪಾಡಿನ ಕಣ್ಣಿಗೆ ಅವನು ಬೀಳುವುದೇ ಇಲ್ಲ. ಆದುದರಿಂದ ಅಪಾಯದ ಸಂಭವವಿದ್ದ ತರುಣನೋ ತರುಣಿಯೋ ‘ನನಗೇನೂ ತೊಂದರೆಯಿಲ್ಲ, ಆದರೂ ಪರೀಕ್ಷೆ ಮಾಡಿ’ ಎಂದು ತಾವಾಗಿ ಕೇಳಬೇಕಾಗುತ್ತದೆ.

ಏನನ್ನು ಕೇಳಬೇಕು? ‘ಎಲ್ಲ ಪರೀಕ್ಷೆಯನ್ನೂ ಮಾಡುತ್ತೇವೆ’ ಎಂದು ಜಾಹೀರಾತು ಕೊಡುವ ಖಾಸಗಿ ಪ್ರಯೋಗಾಲಯಗಳ ಮಾತಿಗೆ ಮರುಳಾಗಬೇಡಿ. ಎಲ್ಲವನ್ನೂ ಒಳಗೊಂಡ ಪರೀಕ್ಷೆಯೆಂಬುದು ಇಲ್ಲ. ಎಚ್‌ಐವಿ, ಸಿಫಿಲಿಸ್, ಹೆಪಟೈಟಿಸ್-ಬಿ ಇವು ರಕ್ತದಲ್ಲಿ ತಿಳಿಯತಕ್ಕವು. ಗೊನೋರಿಯ, ಕ್ಲಮೀಡಿಯಗಳನ್ನು ಮೂತ್ರದಲ್ಲಿ ಅಥವಾ ಸೋಂಕಿರಬಹುದಾದ ಜಾಗದಿಂದ ಒರೆಸಿ ತೆಗೆದ ಮಾದರಿಯಲ್ಲಿ ಹುಡುಕಬೇಕು. ಹರ್ಪಿಸ್‌ನ ರಕ್ತ ಪರೀಕ್ಷೆ ಹುಣ್ಣಿಲ್ಲದವರಲ್ಲಿ ಆಗಾಗ ತಪ್ಪು ಉತ್ತರ ಕೊಡುವುದರಿಂದ ಸುಮ್ಮನೆ ಮಾಡಿಸಿಕೊಳ್ಳಬಾರದು. ಸಿಫಿಲಿಸ್‌ಗೆಂದು ಮಾಡುವ ವಿಡಿಆರ್‌ಎಲ್ ಪರೀಕ್ಷೆ ಗರ್ಭಿಣಿಯರಲ್ಲಿ, ಮಲೇರಿಯ ಬಂದವರಲ್ಲಿ ಒಮ್ಮೊಮ್ಮೆ ರೋಗವಿಲ್ಲದೆಯೂ ‘ಇದೆ’ ಎಂದುಬಿಡುತ್ತದೆ. ಟಿಪಿಎಚ್‌ಎಯಂಥ ಎರಡನೆಯ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳದೆ ಮದುವೆ ಮುರಿದುಕೊಂಡವರಿದ್ದಾರೆ.

ಕಾಲದ ಎಣಿಕೆಯೂ ಮುಖ್ಯ. ಸೋಂಕು ತಗಲಿದ ಮರುದಿನ ಯಾವ ಪರೀಕ್ಷೆಯೂ ಅದನ್ನು ಕಾಣಲಾರದು. ಗೊನೋರಿಯ, ಕ್ಲಮೀಡಿಯಗಳಿಗೆ ಒಂದೆರಡು ವಾರ ಬೇಕು. ಎಚ್‌ಐವಿಯ ನಾಲ್ಕನೆಯ ಪೀಳಿಗೆಯ ಪ್ರಯೋಗಾಲಯ ಪರೀಕ್ಷೆ 45 ದಿನದಲ್ಲಿ ನಂಬಲರ್ಹ ಉತ್ತರ ಕೊಡುತ್ತದೆ. ಪ್ರತಿಕಾಯಗಳನ್ನು ಮಾತ್ರ ನೋಡುವ ಶೀಘ್ರ ಪರೀಕ್ಷೆಗೂ ಸಿಫಿಲಿಸ್‌ನ ಪರೀಕ್ಷೆಗೂ ಮೂರು ತಿಂಗಳು ಸಂದಮೇಲೆಯೇ ‘ಇಲ್ಲ’ ಎಂಬ ಮಾತಿಗೆ ಪೂರ್ಣ ಬೆಲೆ.

ಎಚ್‌ಐವಿಯ ಹೆಸರಿಗೆ ಅಂಜಿ ಪರೀಕ್ಷೆಯಿಂದ ದೂರವಿರಬೇಕಾಗಿಲ್ಲ. 1986ರಲ್ಲಿ ಮದರಾಸಿನಲ್ಲಿ ಸುನೀತಿ ಸೊಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ಭಾರತದ ಮೊದಲ ಎಚ್‌ಐವಿ ಸೋಂಕನ್ನು ಪತ್ತೆಮಾಡಿದಾಗ ಆ ಹೆಸರು ಮರಣದ ಪರ್ಯಾಯಪದವಾಗಿತ್ತು. ಈಗ ಎಚ್‌ಐವಿ ಚಿಕಿತ್ಸೆಗೆಂದಿರುವ ಸರ್ಕಾರಿ ಎಆರ್‌ಟಿ ಕೇಂದ್ರಗಳಲ್ಲಿ ಔಷಧ ಉಚಿತ. ಕ್ರಮವಾಗಿ ನುಂಗಿ ರಕ್ತದಲ್ಲಿ ವೈರಾಣು ಎಣಿಕೆಗೆ ಸಿಗದಷ್ಟು ತಗ್ಗಿದವರು ಲೈಂಗಿಕ ಸಂಪರ್ಕದಿಂದ ಅದನ್ನು ಇನ್ನೊಬ್ಬರಿಗೆ ದಾಟಿಸುವುದಿಲ್ಲ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯಿದೆಯು, ಕೆಲವು ಅಪವಾದಗಳನ್ನುಳಿದು, ತಿಳಿವಳಿಕೆಯ ಸಮ್ಮತಿಯಿಲ್ಲದೆ ಯಾರನ್ನೂ ಪರೀಕ್ಷಿಸಕೂಡದೆಂದೂ, ಫಲಿತಾಂಶವನ್ನು ಗುಟ್ಟಾಗಿಡಬೇಕೆಂದೂ, ಸೋಂಕಿನ ಕಾರಣದಿಂದ ಯಾರನ್ನೂ ನೌಕರಿಯಿಂದ, ಶಾಲೆಯಿಂದ ಹೊರಹಾಕಬಾರದೆಂದೂ ವಿಧಿಸಿದೆ. ಸರ್ಕಾರಿ ಆಸ್ಪತ್ರೆಯ ಐಸಿಟಿಸಿ ಕೇಂದ್ರದಲ್ಲಿ ಎಚ್‌ಐವಿ ಪರೀಕ್ಷೆಗೆ ಹಣವಿಲ್ಲ. ಪರೀಕ್ಷೆಗೆ ಮೊದಲೂ ಆಮೇಲೂ ಆಪ್ತಸಮಾಲೋಚಕರು ಕುಳ್ಳಿರಿಸಿ ಮಾತನಾಡುತ್ತಾರೆ. ಎದುರು ಹೋಗಿ ಕೇಳಲು ಅಳುಕಿದ್ದರೆ 1097 ಸಹಾಯವಾಣಿ ಸಂಖ್ಯೆಗೆ ಕರೆಮಾಡಬಹುದು. ಕನ್ನಡದಲ್ಲಿಯೇ ಉತ್ತರ ದೊರೆಯುತ್ತದೆ.

ಈ ಕಾಲೇಜಿನ ಆಡಳಿತ ಮಂಡಳಿಗೆ ನನ್ನದೊಂದು ಬಿನ್ನಹವಿದೆ: ಆ ಸಂಖ್ಯೆಯನ್ನೂ, ಊರಿನ ಸುರಕ್ಷಾ ಕ್ಲಿನಿಕ್ಕಿನ ಕೊಠಡಿ ಎಲ್ಲಿದೆಯೆಂಬುದನ್ನೂ ಸೂಚನಾಫಲಕದ ಮೇಲೆ ಪರೀಕ್ಷಾ ವೇಳಾಪಟ್ಟಿಯಷ್ಟೇ ದಪ್ಪಕ್ಷರದಲ್ಲಿ ಹಾಕಿಸಬೇಕು. ವಿದ್ಯಾರ್ಥಿಗಳಿಗೆ ಎರಡು ಕೆಲಸಗಳು. ಲಸಿಕೆ ಹಾಕಿಸಿಕೊಂಡಿಲ್ಲದವರು ವೈದ್ಯರನ್ನು ಕಂಡು ಅದರ ವಿಚಾರ ಕೇಳಿ. ಇನ್ನು, ಗರ್ಭಕಂಠದ ತಪಾಸಣೆಗೆ ನಿಮಗೆ ವಯಸ್ಸಾಗಿಲ್ಲವಾದರೂ ಮನೆಯಲ್ಲಿರುವ ತಾಯಿಗೆ, ಚಿಕ್ಕಮ್ಮನಿಗೆ, ಅತ್ತಿಗೆಗೆ ಆಗಿದೆ. 30ರಿಂದ 65 ವರ್ಷದವರಿಗೆಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಈ ತಪಾಸಣೆ ಇದೆ, ಅದಕ್ಕೆ ಕೆಲವು ನಿಮಿಷಗಳು ಸಾಕು. ಈ ಬಾರಿ ರಜೆಗೆ ಊರಿಗೆ ಹೋದಾಗ, ನಾಚಿಕೆಯನ್ನು ಬದಿಗಿಟ್ಟು, ಅವರನ್ನು ಕೂಡಿಸಿಕೊಂಡು ತಾಲ್ಲೂಕು ಆಸ್ಪತ್ರೆಗೆ ಹೋಗಿಬನ್ನಿ.